ಹೆಸರು ಹೇಳದ ಕೈಗಳು

ದೆವ್ವ, ಗಾಳಿ, ಸೋಂಕು ಎಂದರೆ ನಾನು ನಗುವವಳು. ಭಾಲ್ಕಿಯ ನಮ್ಮ ಓಣಿಯಲ್ಲಿ ಒಂದು ಹುಣಸೆಮರವಿದೆ. ಮುಸ್ಸಂಜೆ ಅದರ ಕೆಳಗೆ ಹಾಯುವಾಗ ನನ್ನ ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. "ನಡೀರಿ ಅತ್ತಿ, ನಿಮ್ಮನ್ನ ನೋಡಿ ಅದಕ್ಕೇ ಅಂಜಿಕಿ ಬಂದಿರ್ತದ" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಸಿಟ್ಟಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ; ನಾನಂತೂ ಏನನ್ನೂ ಕಂಡೇ ಇಲ್ಲ. ಅವತ್ತು ನನ್ನ ಕಣ್ಣಿಗೆ ಪಟ್ಟಿ ಕಟ್ಟಿತ್ತು.

ಟೆಂಪೊ ಓಡಿಸುತ್ತಿದ್ದ ನನ್ನ ಗಂಡನ ಬೆನ್ನು ಕೆಟ್ಟು, ಮನೆ ನಡೆಸುವ ಭಾರ ನನ್ನ ಮೇಲೆ ಬಿದ್ದ ವರ್ಷ ಅದು. ಬೀದರಿನ ಚಿದ್ರಿಯಲ್ಲಿ ವಯಸ್ಸಾದವರ ಆರೈಕೆ ಮಾಡುವ ಕೆಲಸ ಕಲಿಸುತ್ತಾರೆ, ಕಲಿತವರಿಗೆ ಕೆಲಸವನ್ನೂ ಕೊಡಿಸುತ್ತಾರೆ ಎಂದು ಯಾರೋ ಹೇಳಿದರು. ಸೇರಿಕೊಂಡೆ. ದಿನಾ ಭಾಲ್ಕಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಲಿಸುತ್ತಿದ್ದ ಮನೆ ಆಗಷ್ಟೇ ಕಟ್ಟಿದ್ದು, ಬಣ್ಣದ ವಾಸನೆಯೂ ಹೋಗಿರಲಿಲ್ಲ. ಮಂಚ ಅಂಗಡಿಯಿಂದ ಬಂದದ್ದು. ಅದರ ಕಾಲಿಗೆ ಸುತ್ತಿದ ಪ್ಲಾಸ್ಟಿಕ್ಕನ್ನು ಯಾರೂ ಬಿಚ್ಚಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆಮೇಲೆ ನೀವು ಹಳೇ ಮನೆ, ಯಾರೋ ಸತ್ತ ಮಂಚ ಎಂದೆಲ್ಲ ಲೆಕ್ಕ ಹಾಕುತ್ತೀರಿ. ನಾನೂ ಹಾಕಿ ನೋಡಿ ಸೋತಿದ್ದೇನೆ.

ನಮಗೆ ಕಲಿಸುತ್ತಿದ್ದವರು ಶಾಂತಾ ಮೇಡಂ, ನಿವೃತ್ತ ನರ್ಸು. ಮೊದಲ ದಿನವೇ ಅವರು ಒಂದು ಮಾತು ಹೇಳಿದರು. "ಕಣ್ಣ ಕಾಣದವರಿಗೆ ಹೇಳದ ಕೇಳದ ಕೈ ಹಚ್ಚಿದ್ರ ಜೀವ ಹಾರಿ ಹೋಗ್ತದರಿ. ಮೊದಲ ನಿಮ್ಮ ಹೆಸರು ಹೇಳ್ರಿ. ಆಮ್ಯಾಲ ಏನು ಮಾಡ್ತೀರಿ ಅದನ್ನ ಹೇಳ್ರಿ. ಅದಾದಮ್ಯಾಲೇ ಕೈ ಹಚ್ರಿ." ಈ ಮಾತನ್ನು ಅವರು ಎಷ್ಟು ಸಲ ಹೇಳಿದರೆಂದರೆ, ನಾನು ಮನೆಯಲ್ಲಿ ಎಮ್ಮೆಯ ಹಾಲು ಹಿಂಡುವಾಗಲೂ ಹೆಸರು ಹೇಳಿ ನಕ್ಕಿದ್ದೇನೆ.

ತರಬೇತಿ ಮುಗಿಯುವ ಹೊತ್ತಿಗೆ ಒಂದು ಪಾಠವಿತ್ತು. ನಾವೇ ಒಬ್ಬೊಬ್ಬರಾಗಿ ಹಾಸಿಗೆ ಹಿಡಿದ ಮುದುಕಿಯಾಗಬೇಕು, ಇನ್ನೊಬ್ಬರು ನಮ್ಮ ಸೇವೆ ಮಾಡಬೇಕು. ಕಣ್ಣಿಗೆ ಪಟ್ಟಿ, ಹತ್ತಿರ ಬಂದು ಜೋರಾಗಿ ಹೇಳಿದ್ದಷ್ಟೇ ಕೇಳುವಂತೆ ಕಿವಿಗೆ ಹತ್ತಿ. ಪಾರ್ಶ್ವವಾಯು ಹೊಡೆದಂತೆ ಬಲಗೈಯನ್ನು ಮೈಗೆ ಸೇರಿಸಿ ಕಟ್ಟುತ್ತಿದ್ದರು. ಬಲಗಾಲು ಮಡಚದಂತೆ ಒಂದು ಕಟ್ಟಿಗೆಯ ಹಲಗೆ ಇಟ್ಟು ಬ್ಯಾಂಡೇಜು ಸುತ್ತುತ್ತಿದ್ದರು. ನನ್ನ ಸರದಿ ಬಂದದ್ದು ಒಂದು ಮಧ್ಯಾಹ್ನ. ನನ್ನನ್ನು ನೋಡಿಕೊಳ್ಳಬೇಕಾದವಳು ಸುಜಾತಾ. ಕಮಲನಗರದ ಹುಡುಗಿ, ಬೌದ್ಧರ ಮನೆಯವಳು, ಮಾತಿನಲ್ಲಿ ಅರ್ಧ ಮರಾಠಿ, ಬಲು ಗಡಿಬಿಡಿಯವಳು. ಹಿಂದಿನ ದಿನ ಇನ್ನೊಬ್ಬಳನ್ನು ಮಗ್ಗುಲಿಗೆ ಹೊರಳಿಸಲು ಹೋಗಿ ಮಂಚದಿಂದ ಉರುಳಿಸಿಯೇ ಬಿಡುವುದರಲ್ಲಿದ್ದಳು.

ಮಲಗಿ ಸ್ವಲ್ಪ ಹೊತ್ತಾಗಿತ್ತು. ಒದ್ದೆ ಬಟ್ಟೆಯೊಂದು ನನ್ನ ಗಲ್ಲ ಒರೆಸಿತು. ಹೆಸರು ಹೇಳಲಿಲ್ಲವಲ್ಲ, ಮೇಡಂ ಕೈಯಲ್ಲಿ ಬೈಸಿಕೊಳ್ಳುತ್ತಾಳೆ ಎಂದುಕೊಂಡೆ. ಆದರೆ ಕೈ ಎಷ್ಟು ಹದವಾಗಿತ್ತೆಂದರೆ ನಾನು ಸುಮ್ಮನಾದೆ. ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆ, ಬೆರಳ ಸಂದು, ಯಾವುದನ್ನೂ ಬಿಡಲಿಲ್ಲ. ತಲೆ ಬಾಚಿತು. ಎಡಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸಿತು. ಮಂಚ ಅಲುಗಲಿಲ್ಲ. ಸುಜಾತಾ ಒಂದೇ ರಾತ್ರಿಯಲ್ಲಿ ಇಷ್ಟು ಕಲಿತಳೇ ಎಂದು ಖುಷಿಯೂ ಆಯಿತು.

ಆಮೇಲೆ ಕಾಲಿನ ಬ್ಯಾಂಡೇಜು ಬಿಚ್ಚತೊಡಗಿತು. ಇದು ಪಾಠದಲ್ಲಿರಲಿಲ್ಲ. "ಸುಜಾತಾ, ಏನ್ ಮಾಡ್ಲತ್ತಿ?" ಎಂದೆ. ಎರಡು ಕೈಗಳು ಕಂಕುಳಲ್ಲಿ ಹಾಯ್ದು ನನ್ನನ್ನು ಎತ್ತಿ ಗೋಡೆಗೆ ಆನಿಸಿ ಕೂಡಿಸಿದವು. ಒಂದು ಕಾಲು ಮಡಚಿತು. ಅದರ ಮೇಲೆ ಇನ್ನೊಂದು ಕಾಲು. ಹೀಗೆ ಕೂಡಿಸುವ ರೀತಿ ನನಗೆ ಗೊತ್ತಿತ್ತು.

ಬಸವಣ್ಣನವರನ್ನು ನಂಬಿದ ನಮ್ಮ ಮನೆತನಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಚಕ್ಕಳಮಕ್ಕಳ ಹಾಕಿ ಕೂಡಿಸುತ್ತಾರೆ, ವಿಭೂತಿ ಹಚ್ಚುತ್ತಾರೆ, ಎಡಗೈಯನ್ನು ಮುಂದಿಟ್ಟು ಅಂಗೈಯಲ್ಲಿ ಲಿಂಗವಿಡುತ್ತಾರೆ. ನನ್ನ ಅಜ್ಜನನ್ನು ಹಾಗೆ ಕೂಡಿಸಿದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ. ಈ ಕೈಗಳು ಮಾಡುತ್ತಿದ್ದುದು ಅದನ್ನೇ, ಅದೇ ಕ್ರಮದಲ್ಲಿ. ಸುಜಾತಾಳಿಗೆ ಇದು ಹೇಗೆ ಗೊತ್ತಿರಬೇಕು?

ಪಟ್ಟಿ ಕಿತ್ತೆಸೆಯಬೇಕಿತ್ತು. ಕಟ್ಟದೇ ಬಿಟ್ಟ ಎಡಗೈ ಇತ್ತಲ್ಲ ಎಂದು ನೀವು ಕೇಳಬಹುದು. ಅದು ಏಳಲಿಲ್ಲ. ಯಾರೂ ಹಿಡಿದಿರಲಿಲ್ಲ, ಆದರೂ ಏಳಲಿಲ್ಲ. ಹಣೆಯ ಮೇಲೆ ತಣ್ಣಗೆ ಮೂರು ಬೆರಳು ಎಳೆದವು. ತೋಳುಗಳ ಮೇಲೆ ಎಳೆದವು. ನಾನು ಜೀವಂತ ಇದ್ದೇನೆ ಎಂದು ಹೇಳಬೇಕೆನ್ನಿಸಿತು, ಹೇಳಲು ಬಾಯಿ ಬರಲಿಲ್ಲ. ಇದ್ದೇನೋ ಇಲ್ಲವೋ ಎಂಬ ಗುಮಾನಿ ನನಗೇ ಬಂದಿತ್ತು. ನನ್ನ ಎಡಗೈಯನ್ನು ಎತ್ತಿ ತೊಡೆಯ ಮೇಲಿಟ್ಟು ಅಂಗೈ ಬಿಡಿಸಿತು. ಇನ್ನು ಅದರ ಮೇಲೆ ಭಾರ ಬೀಳುತ್ತದೆ ಎಂದು ನಾನು ಕಾಯುತ್ತಿದ್ದೆ. ಬಿದ್ದರೆ ಮುಗಿಯಿತು ಎಂದು ಗೊತ್ತಿತ್ತು. ಆಗ ಎಲ್ಲಿಂದಲೋ ನನ್ನ ಧ್ವನಿ ಬಂತು. ಚೀರಿದೆ.

ಬಾಗಿಲು ತೆರೆದು ಓಡಿ ಬಂದು ಪಟ್ಟಿ ಬಿಚ್ಚಿದವಳು ಸುಜಾತಾ. ಹಿಂದೆಯೇ ಮೇಡಂ, ಉಳಿದವರೆಲ್ಲ. ಹೊಸ ಗಾಲಿಕುರ್ಚಿ ಬಂದಿತ್ತಂತೆ, ಅದನ್ನು ತೋರಿಸಲು ಮೇಡಂ ಎಲ್ಲರನ್ನೂ ಬಾಗಿಲ ಹೊರಗಿನ ಪಡಸಾಲೆಗೆ ಕರೆದಿದ್ದರಂತೆ. ಕೋಣೆಗೆ ಇದ್ದದ್ದು ಅದೊಂದೇ ಬಾಗಿಲು. ಅವರೆಲ್ಲ ಅದರ ಮುಂದೆಯೇ ನಿಂತಿದ್ದರು.

"ಅಕ್ಕಾ, ಖರೇ ಹೇಳ್ತೇನಿ, ನಾ ನಿಮಗ ಕೈನೇ ಹಚ್ಚಿಲ್ರಿ" ಎಂದಳು ಸುಜಾತಾ ಅಳುತ್ತ. "ಹೊರಗ ಹೋಗಿ ಬರ್ತೇನಿ ಅಂತ ಹೇಳಿದೆ, ನೀವು ತಲಿ ಅಲ್ಲಾಡಿಸಿದ್ರಿ." ನಾನು ತಲೆ ಅಲ್ಲಾಡಿಸಿರಲಿಲ್ಲ, ನನಗೆ ಏನೂ ಕೇಳಿಸಿರಲಿಲ್ಲ. ಮೇಡಂ ನನ್ನ ಹಣೆಯನ್ನೇ ನೋಡುತ್ತಿದ್ದರು. ವಿಭೂತಿ ಇನ್ನೂ ಒದ್ದೆಯಾಗಿತ್ತು. ಬ್ಯಾಂಡೇಜು ಬಿಗಿಯಾಗಿ, ಅಂಚು ಸರಿಯಾಗಿ ಸುತ್ತಿ ಮಂಚದ ತುದಿಯಲ್ಲಿತ್ತು. ಅಷ್ಟು ಚೆನ್ನಾಗಿ ಸುತ್ತಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ.

ತರಬೇತಿ ಬಿಟ್ಟುಬಿಡುತ್ತೇನೆಂದು ಮನೆಯಲ್ಲಿ ಅಳುತ್ತ ಕೂತೆ. ಬಿಟ್ಟರೆ ಮನೆ ನಡೆಯುವ ಹಾಗಿರಲಿಲ್ಲ. ಮುಗಿಸಿದೆ. ಔರಾದಿನಲ್ಲಿ ಕೆಲಸ ಸಿಕ್ಕಿತು. ಕೆಳಗೆ ಮಗನ ಬಟ್ಟೆ ಅಂಗಡಿ, ಮೇಲೆ ತಾಯಿ ಭಾಗೀರಥಿಬಾಯಿ. ಅವರನ್ನು ಎಲ್ಲರೂ ಆಯಿ ಎನ್ನುತ್ತಾರೆ. ಕಣ್ಣು ಹೋಗಿವೆ, ಸೊಂಟದಿಂದ ಕೆಳಗೆ ಆಡುವುದಿಲ್ಲ, ಬುದ್ಧಿ ಮಾತ್ರ ಚುರುಕು. ಅಲ್ಲೇ ಉಳಿಯುತ್ತೇನೆ, ವಾರಕ್ಕೊಮ್ಮೆ ಭಾಲ್ಕಿಗೆ ಹೋಗಿ ಬರುತ್ತೇನೆ. ನನ್ನನ್ನು ಬೈಯುತ್ತಲೇ ಬಾಯಿಗೆ ಸಕ್ಕರೆ ಹಾಕುವ ಆಯಿಯನ್ನು ನಾನು ಹಚ್ಚಿಕೊಂಡೆ. ಚಿದ್ರಿಯ ಮಧ್ಯಾಹ್ನ ನಿಧಾನವಾಗಿ ದೂರವಾಗತೊಡಗಿತ್ತು.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ, ಹೆಸರು ಹೇಳಿ ಒಳಗೆ ಹೋಗಿ ಅವರ ಕೈಗೆ ಎಣ್ಣೆ ಹಚ್ಚುತ್ತಿದ್ದೆ. ಆಯಿ ಅಂದರು: "ನೀ ಚಲೋ ಹುಡುಗಿ. ಹೆಸರು ಹೇಳೇ ಕೈ ಹಚ್ಚತಿ. ನಿನ್ನ ಕೂಡ ಬರ್ತಾಳಲ್ಲ, ಆಕಿ ಯಾಕ ಒಮ್ಮೆನೂ ಹೆಸರು ಹೇಳಂಗಿಲ್ಲ?"

"ನನ್ನ ಕೂಡ ಯಾರೂ ಇಲ್ರಿ ಆಯಿ" ಎಂದೆ.

"ಇಲ್ಲ ಅಂದ್ರ ಹ್ಯಾಂಗ? ಈಗ ನನ್ನ ಕಾಲು ಮಡಚಲತ್ತಾಳಲ್ಲ."

ನನ್ನ ಎರಡೂ ಕೈ ಆಯಿಯ ಕೈಯಲ್ಲಿದ್ದವು. ನೋಡಿದೆ. ಚಾದರದ ಕೆಳಗೆ ಆಯಿಯ ಮೊಣಕಾಲು ಮೇಲೆದ್ದಿತ್ತು. ನನಗೆ ಓಡಿಹೋಗಬೇಕೆನ್ನಿಸಿತು. ಆದರೆ ಹೋದರೆ ಆಯಿ ಆ ಕೈಗಳ ಪಾಲಾಗುತ್ತಾರೆ. ಕಣ್ಣು ಮುಚ್ಚಿ, ನನ್ನ ಹೆಸರನ್ನು ಜೋರಾಗಿ ಹೇಳಿ, ಎರಡೂ ಕೈಯಿಂದ ಮೊಣಕಾಲು ಒತ್ತಿ ಹಿಡಿದೆ. ಮೊದಲು ಜಗ್ಗಲಿಲ್ಲ. ಆಮೇಲೆ ಯಾರೋ ಬಿಟ್ಟುಕೊಟ್ಟಂತೆ ಮೆಲ್ಲಗೆ ನೆಟ್ಟಗಾಯಿತು.

ಆಯಿಯಂಥವರಲ್ಲಿ ಕಾಲಿನ ನರ ತಾನಾಗಿ ಸೆಟೆಯುತ್ತದೆ ಎಂದು ಡಾಕ್ಟರು ಹೇಳಿದರು. ಇರಬಹುದು. ಚಿದ್ರಿಯ ವಿಭೂತಿಯ ಬಗ್ಗೆ ನಾನು ಅವರನ್ನು ಕೇಳಲಿಲ್ಲ.

ಆಯಿ ಇನ್ನೂ ಇದ್ದಾರೆ. ನಾನೂ ಅಲ್ಲೇ ಇದ್ದೇನೆ, ಅಂಜುತ್ತಲೇ ಇದ್ದೇನೆ. ದಿನಾ ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ನನ್ನ ಹೆಸರು ಹೇಳುತ್ತೇನೆ. ಆಮೇಲೆ ಇನ್ನೊಬ್ಬರೂ ಹೇಳಲಿ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ಇದುವರೆಗೆ ಯಾರೂ ಹೇಳಿಲ್ಲ.