ಸೌಟಕ್ಕನ ಅಂಗೈ

ನಮ್ಮ ಕಾರ್ಖಾನೆಯಲ್ಲಿ ಮುನ್ನೂರು ಜನಕ್ಕೆ ಅಡುಗೆ ಮಾಡುವವಳನ್ನು ಎಲ್ಲರೂ ಸೌಟಕ್ಕ ಎಂದೇ ಕರೆಯುವುದು. ಮಾತಾಡುವಾಗ ಅವಳ ಕೈಯಲ್ಲಿ ಸೌಟಿರುತ್ತದೆ, ಬೈಯುವಾಗಂತೂ ಇದ್ದೇ ಇರುತ್ತದೆ. ನಾನು ಪಕ್ಕದ ಉಗ್ರಾಣದವಳು. ಬಂದ ಮೂಟೆಗಳನ್ನು ತೂಗಿ ಒಳಗಿಡಿಸುವುದು ನನ್ನ ಕೆಲಸ. ನಮ್ಮಿಬ್ಬರ ನಡುವೆ ಒಂದು ಬಾಗಿಲಿದೆ, ಹದಿನಾರು ವರ್ಷದಲ್ಲಿ ಅದನ್ನು ಒಮ್ಮೆಯೂ ಮುಚ್ಚಿದ್ದಿಲ್ಲ.

ಒಂದು ಸೋಮವಾರ ಅವಳು ಬಂದವಳೇ ಚಪ್ಪಲಿ ಬಿಟ್ಟು, ಮೂಟೆ ತೂಗುವ ಯಂತ್ರದ ಮೇಲೆ ಹತ್ತಿ ನಿಂತಳು. ಮುಳ್ಳು ಎಂಬತ್ತೆಂಟಕ್ಕೆ ಹೋಗಿ ನಿಂತಿತು.

“ಈರುಳ್ಳಿ ಮೂಟೆಗಿಂತ ಮೂವತ್ತೆಂಟು ಕಿಲೋ ಜಾಸ್ತಿ ಇದ್ದೀಯ” ಎಂದೆ. ಅವಳು ನಗಲಿಲ್ಲ. ಮುಖ ಬಿಳಿಚಿಕೊಂಡಿತ್ತು.

ಗಡಿಯಾರ ರಿಪೇರಿ ಮಾಡುವ ಅವಳ ತಮ್ಮನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ, ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಸೋತು ಸುಣ್ಣವಾಗಿ ಮನೆಗೆ ಬರುತ್ತಿದ್ದ. ಮನೆಯವರನ್ನೆಲ್ಲ ಪರೀಕ್ಷೆ ಮಾಡಿದಾಗ ಹೊಂದಿಕೆಯಾದದ್ದು ಅಕ್ಕನ ಕಿಡ್ನಿ ಒಂದೇ. ಆದರೆ ಡಾಕ್ಟರು ಒಪ್ಪಲಿಲ್ಲ. “ಹತ್ತು ಕಿಲೋ ಇಳಿಸಿ ಬನ್ನಿ ಅಮ್ಮ. ಈ ತೂಕದಲ್ಲಿ ಆಪರೇಷನ್ ಮಾಡಿದ್ರೆ ನಿಮ್ಮ ಜೀವಕ್ಕೇ ಅಪಾಯ” ಎಂದು ಐದು ತಿಂಗಳ ಗಡುವು ಕೊಟ್ಟರು. ಅದಕ್ಕಿಂತ ತಡವಾದರೆ ತಮ್ಮನ ಹೃದಯ ತಡೆಯುವುದು ಕಷ್ಟ ಎಂದರಂತೆ.

ಅವಳಿಗೆ ಆ ತಮ್ಮನೆಂದರೆ ಮಗನಿದ್ದಂತೆ. ಅವಳಿಗೆ ಹದಿನೈದು, ಅವನಿಗೆ ಐದು ವರ್ಷವಿದ್ದಾಗ ಅಮ್ಮನನ್ನು ಆಪರೇಷನ್ನಿಗೆಂದು ಒಳಗೆ ಕರೆದುಕೊಂಡು ಹೋದರು, ಅಮ್ಮ ತಿರುಗಿ ಬರಲಿಲ್ಲ. ಅಂದಿನಿಂದ ಅವನಿಗೆ ತಲೆ ಬಾಚಿ, ಉಣ್ಣಿಸಿ, ಬೆಳೆಸಿದವಳು ಇವಳೇ.

ಮಾರನೇ ದಿನದಿಂದಲೇ ನಡಿಗೆ ಶುರುವಾಯಿತು. ಬೆಳಕು ಹರಿಯುತ್ತಿದ್ದಂತೆ ಕಾರ್ಖಾನೆಯ ಗೋಡೆಯ ಸುತ್ತ ಆರು ಸುತ್ತು. ಬೆವರು ಸುರಿಸಿಕೊಂಡು, ಏದುಸಿರು ಬಿಡುತ್ತ ಬಂದು ಒಲೆ ಹಚ್ಚುತ್ತಿದ್ದಳು. ಪ್ರತಿ ಸೋಮವಾರ ಯಂತ್ರ ಹತ್ತುವುದು, ಅದೇ ಹೊತ್ತಿಗೆ ತಮ್ಮನ ಫೋನ್ ಬರುವುದು. ಮೂರು ವಾರ ಕಳೆಯಿತು. ಮುಳ್ಳು ಎಂಬತ್ತೆಂಟು ದಾಟಿ ಅರ್ಧ ಕಿಲೋ ಮೇಲೇ ಹೋಗಿತ್ತು. “ಇಳೀತಾ ಇದೆ ಕಣೋ” ಎಂದು ಅವಳು ಫೋನಿನಲ್ಲಿ ಸುಳ್ಳು ಹೇಳಿದಳು.

ಆಸ್ಪತ್ರೆಯ ಆಹಾರ ತಜ್ಞೆ ತಿಂದದ್ದನ್ನೆಲ್ಲ ಬರೆದು ತರಲು ಹೇಳಿದ್ದಳು. ಇವಳು ಬರೆದಿದ್ದನ್ನು ನಾನೂ ನೋಡಿದೆ. ಬೆಳಗ್ಗೆ ಎರಡು ತುಂಡು ಬ್ರೆಡ್ಡು, ಮಧ್ಯಾಹ್ನ ಒಂದು ಬಟ್ಟಲು ಅನ್ನ, ತರಕಾರಿ, ರಾತ್ರಿ ಸೌತೆಕಾಯಿ, ಮೊಸರು. ಗುಬ್ಬಚ್ಚಿಯ ಊಟ. ಅದನ್ನು ತಿಂದು ಯಾರಾದರೂ ದಪ್ಪಗಾಗುತ್ತಾರೆಯೇ? ನನಗೆ ಅನುಮಾನ ಬಂತು. ಒಂದು ದಿನ ಉಗ್ರಾಣದ ಬಾಗಿಲಲ್ಲೇ ಕುಳಿತು, ಅವಳ ಕೈ ಬಾಯಿಗೆ ಹೋದಾಗಲೆಲ್ಲ ಒಂದು ಕಡಲೆಕಾಳನ್ನು ಲೋಟಕ್ಕೆ ಹಾಕುತ್ತಾ ಬಂದೆ.

ಬೇಳೆ ಕುದಿಯುವಾಗ ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕಿದಳು. ಉಪ್ಪು ಹಾಕಿ ಮತ್ತೆ ನೆಕ್ಕಿದಳು. ಆಲೂಗಡ್ಡೆ ಗರಿಗರಿಯಾಯಿತೇ ಎಂದು ಎರಡು ತುಂಡು, ಬೆಂದಿತೇ ಎಂದು ಇನ್ನೆರಡು. ಪಾಯಸದ ಸಕ್ಕರೆ ನೋಡಲು ಒಂದು ಸೌಟು. ಸಂಜೆ ಎಣಿಸಿದರೆ ಐವತ್ತೊಂದು ಕಾಳು. ಲೋಟವನ್ನು ಅವಳ ಮುಂದೆ ಕುಕ್ಕಿದೆ.

“ಏನೇ ಇದು?”

“ನೀನು ಬರೆಯದೇ ಬಿಟ್ಟ ಊಟ.”

“ರುಚಿ ನೋಡೋದು ಊಟ ಹೇಗಾಗುತ್ತೆ? ಅದು ಕೆಲಸ ಅಲ್ವಾ?” ಎಂದಳು. ಕಳ್ಳತನ ಅವಳಲ್ಲಿ ಚೂರೂ ಇರಲಿಲ್ಲ. ಮೂವತ್ತು ವರ್ಷ ಅಡುಗೆ ಮಾಡಿದವಳಿಗೆ ಅಂಗೈಯಲ್ಲಿ ಬಿದ್ದದ್ದು ಹೊಟ್ಟೆಗೂ ಹೋಗುತ್ತದೆಂದು ಹೊಳೆದೇ ಇರಲಿಲ್ಲ.

ಆಹಾರ ತಜ್ಞೆ ಕಾಳಿನ ಲೆಕ್ಕ ಕೇಳಿ ಮೊದಲು ನಕ್ಕಳು, ಆಮೇಲೆ ಬಿಡಿಸಿ ಹೇಳಿದಳು. “ಒಂದು ಗಂಟೆ ನಡೆದು ಕರಗಿಸಿದ್ದನ್ನ ಆ ಆಲೂಗಡ್ಡೆ, ಪಾಯಸ ಅರ್ಧ ಗಂಟೆಯಲ್ಲಿ ವಾಪಸ್ ತಂದುಬಿಡುತ್ತೆ. ಮೊದಲು ಬಾಯಿ ಕಟ್ಟಬೇಕು ಅಮ್ಮ. ಹಾಗಂತ ನಡಿಗೆ ಬಿಡಬೇಡಿ. ಇಳಿದ ತೂಕ ಮತ್ತೆ ಏರದ ಹಾಗೆ ಕಾಯೋದು ಅದೇ, ಆಪರೇಷನ್ ತಡ್ಕೊಳ್ಳೋ ಶಕ್ತಿ ಕೊಡೋದೂ ಅದೇ.”

ಅಂದಿನಿಂದ ರುಚಿ ನೋಡುವ ಕೆಲಸ ನನ್ನ ತಲೆಗೆ ಬಂತು. ಉಪ್ಪು ಹೆಚ್ಚು ತಿನ್ನುವ ಮನೆ ನಮ್ಮದು. ಮೊದಲ ವಾರ ಮುನ್ನೂರು ಜನ ನೀರು ಕುಡಿದು ಕುಡಿದು ಸುಸ್ತಾದರು. ಆದರೆ ಮುಳ್ಳು ಇಳಿಯತೊಡಗಿತು. ಎಂಬತ್ತಾರು, ಎಂಬತ್ತಮೂರು, ಎಂಬತ್ತು. ನಾಲ್ಕನೇ ತಿಂಗಳ ಹೊತ್ತಿಗೆ ಎಪ್ಪತ್ತೊಂಬತ್ತು. ಇನ್ನು ಒಂದೇ ಒಂದು ಕಿಲೋ.

ಅಲ್ಲಿಗೆ ಬಂದು ಮುಳ್ಳು ನಿಂತುಬಿಟ್ಟಿತು. ಒಂದು ವಾರ ಆಯಿತು, ಎರಡಾಯಿತು. ತಮ್ಮನ ಕಾಲು ಊದಿಕೊಳ್ಳುತ್ತಿದೆ ಎಂದು ಅವನ ಹೆಂಡತಿ ಬಂದು ಅತ್ತು ಹೋದಳು. ಗಡುವಿಗೆ ಮೂರು ವಾರ ಉಳಿದಿತ್ತು.

ಒಂದು ಮಧ್ಯಾಹ್ನ ಅಕ್ಕಿ ತೆಗೆಯಲು ಹೋದವಳು ನಿಂತಲ್ಲೇ ನಿಂತೆ. ಸೌಟಕ್ಕ ಮೂಟೆಗಳ ಹಿಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಮಡಿಲಲ್ಲಿ ಕರಿದ ಆಲೂಗಡ್ಡೆ. ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ ಸದ್ದಿಲ್ಲದೆ ಅಳುತ್ತಿದ್ದಳು.

ನನಗೆ ಕೋಪ ನೆತ್ತಿಗೇರಿತು. “ನಿನ್ನ ತಮ್ಮ ಅಲ್ಲಿ ಸಾಯ್ತಾ ಇದ್ದಾನೆ, ನೀನಿಲ್ಲಿ ಕದ್ದು ಮೇಯ್ತಾ ಇದ್ದೀಯ!”

“ಹಸಿವಿಗಲ್ಲ ಕಣೆ” ಎಂದಳು. “ಅವನು ಹೋಗ್ಬಿಡ್ತಾನೇನೋ ಅಂತ ದಿನವಿಡೀ ಭಯ. ಆದ್ರೆ ಈ ಮಿಷಿನ್ ಹತ್ತಿದಾಗ ಬೇರೆ ಭಯ. ಎಪ್ಪತ್ತೆಂಟು ತೋರಿಸಿಬಿಟ್ರೆ ನನ್ನನ್ನ ಕರೀತಾರಲ್ಲ! ಅಮ್ಮ ಹೋದ ಹಾಗೇ ನಾನೂ ಒಳಗೆ ಹೋಗಬೇಕಲ್ಲ!”

ನಾನೂ ಅವಳ ಪಕ್ಕದಲ್ಲೇ ಕುಳಿತೆ. “ಆಗಲ್ಲ ಅಂತಿದ್ರೆ ಅವನ ಮುಖ ನೋಡಿ ಹೇಳು. ಸೋಮವಾರ ಸೋಮವಾರ ಅವನನ್ನ ಆಸೆಗಣ್ಣಲ್ಲಿ ಕೂರಿಸಬೇಡ” ಎಂದೆ.

ಅವತ್ತು ಸಂಜೆಯೇ ಇಬ್ಬರೂ ತಮ್ಮನ ಅಂಗಡಿಗೆ ಹೋದೆವು. ಅವಳು ತಡವರಿಸುತ್ತ ಎಲ್ಲ ಹೇಳಿದಳು, ಆಲೂಗಡ್ಡೆಯನ್ನೂ ಬಿಡಲಿಲ್ಲ. ಅವನು ಕಣ್ಣಿನ ಭೂತಗನ್ನಡಿ ತೆಗೆದಿಟ್ಟ.

“ನನಗೆ ಗೊತ್ತಕ್ಕ. ಚಿಕ್ಕವನಿದ್ದಾಗ ನನಗೆ ಇಂಜೆಕ್ಷನ್ ಚುಚ್ಚಿದ್ರೆ ಕಣ್ಣು ಮುಚ್ಕೊಳ್ತಿದ್ದವಳು ನೀನು. ಬೇಡ ಬಿಡು. ಎಷ್ಟು ದಿನ ಓಡುತ್ತೋ ಅಷ್ಟು ಓಡಲಿ.”

ಯಾರದೋ ಹಳೆಯ ಗಡಿಯಾರದ ವಿಷಯ ಹೇಳುವಂತೆ ಹೇಳಿದ. ಅವಳ ಕಣ್ಣು ಮೇಜಿನ ಕೆಳಗಿದ್ದ ಅವನ ಕಾಲಿನ ಮೇಲಿತ್ತು. ಊದಿದ ಪಾದದೊಳಗೆ ಚಪ್ಪಲಿಯ ಪಟ್ಟಿ ಹೂತುಹೋಗಿತ್ತು. ಅವಳು ಬಗ್ಗಿ, ಆ ಪಟ್ಟಿಯನ್ನು ಬಿಚ್ಚಿ ಸಡಿಲ ಮಾಡಿದಳು.

ಮಾರನೇ ದಿನ ಎಂಟು ಸುತ್ತು ನಡೆದಳು. ಆಲೂಗಡ್ಡೆ ಕರಿಯುವ ಒಲೆಯನ್ನು ಸಹಾಯಕಿಗೆ ಒಪ್ಪಿಸಿ ಅತ್ತ ತಲೆ ಹಾಕಲಿಲ್ಲ. ಎರಡನೇ ಸೋಮವಾರ ಯಂತ್ರ ಹತ್ತಿದಾಗ ಕಾಲು ಎಷ್ಟು ನಡುಗುತ್ತಿತ್ತೆಂದರೆ ಮುಳ್ಳು ಒಂದು ಕಡೆ ನಿಲ್ಲಲೇ ಇಲ್ಲ. ಅವಳ ಸೊಂಟ ಹಿಡಿದು ನಿಲ್ಲಿಸೋಣವೆಂದರೆ ನನ್ನ ಭಾರವೂ ಸೇರುತ್ತದೆ. ಸುಮ್ಮನೆ ಕಾದೆ. ಎಪ್ಪತ್ತೆಂಟಕ್ಕೆ ಒಂದು ಗೆರೆ ಕೆಳಗೆ.

ಫೋನ್ ಬಂತು. “ಆಯ್ತು ಕಣೋ” ಎಂದಳು. ಈ ಸಲ ನಿಜ ಹೇಳುವಾಗಲೇ ಧ್ವನಿ ಒಡೆಯಿತು.

ಆಪರೇಷನ್ನಿನ ದಿನ ಅಡುಗೆ ನನ್ನ ಮತ್ತು ಸಹಾಯಕಿಯ ಪಾಲಿಗಿತ್ತು. ಬೇಳೆ ಕುದಿಯಿತು. ಅಂಗೈಗೆ ಸುರಿದುಕೊಂಡು ನೆಕ್ಕಿದೆ, ನಾಲಿಗೆಗೆ ಏನೂ ತಿಳಿಯಲಿಲ್ಲ. ಬೆಳಗ್ಗೆ ಆಸ್ಪತ್ರೆಯಲ್ಲಿ ಒಳಗೆ ಹೋಗುವಾಗ ಅವಳು ನನ್ನ ಕೈ ಬಿಡದೆ ಹಿಡಿದಿದ್ದ ಹಿಡಿತ ಇನ್ನೂ ಅಲ್ಲೇ ಇತ್ತು. ಊಟದ ಹೊತ್ತು ಮುಗಿಯಿತು, ತಟ್ಟೆಗಳನ್ನು ತೊಳೆದಾಯಿತು, ಫೋನ್ ಸುಮ್ಮನಿತ್ತು.

ಸಂಜೆ ತಮ್ಮನ ಹೆಂಡತಿ ಫೋನ್ ಮಾಡಿದಳು. “ಇಬ್ಬರಿಗೂ ಎಚ್ಚರ ಆಗಿದೆ. ಅತ್ತಿಗೆ ಕಣ್ಣು ಬಿಟ್ಟು ಮೊದಲು ಇವರು ಹೇಗಿದ್ದಾರೆ ಅಂದ್ರು. ಆಮೇಲೆ, ಇವತ್ತು ಬೇಳೆಗೆ ಉಪ್ಪು ನೋಡಿದ್ದು ಯಾರು ಅಂತ ಕೇಳ್ತಿದ್ದಾರೆ.”

“ನಾನೇ ಅಂತ ಹೇಳು. ಸರಿಯಾಗಿತ್ತು ಅನ್ನು” ಎಂದೆ.

ಅಂದು ನಾನು ಬೇಳೆಗೆ ಉಪ್ಪೇ ಹಾಕಿರಲಿಲ್ಲ. ಮುನ್ನೂರು ಜನರಲ್ಲಿ ಒಬ್ಬರೂ ತಟ್ಟೆ ಕುಕ್ಕದೆ, ನನ್ನ ಮುಖ ನೋಡಿ, ಉಂಡು ಎದ್ದು ಹೋಗಿದ್ದರು.