ಹಸಿವಿಲ್ಲದ ಅಳಿಯ

ದೊಡ್ಡಬಳ್ಳಾಪುರದ ದೇವಾಂಗ ನೇಕಾರರ ಬೀದಿಯಲ್ಲಿ ಯಜಮಾನ ರಾಮಲಿಂಗಯ್ಯನವರನ್ನು ಕೇಳದೆ ತೊಟ್ಟಿಲು ಕಟ್ಟಿದವರಿಲ್ಲ, ಚರಂಡಿ ತೋಡಿದವರಿಲ್ಲ. ಯುದ್ಧ ಮುಗಿದ ಮರುವರ್ಷ ಊರ ಪಾರ್ಕಿಗೆ ರೇಡಿಯೋ ಬಂತು. ಅದರ ಪೆಟ್ಟಿಗೆಯ ಬೀಗದಕೈಯನ್ನು ಅವರು ಜನಿವಾರಕ್ಕೆ ಕಟ್ಟಿಕೊಂಡರು. ಅಂದಿನಿಂದ ರೇಡಿಯೋ ಹೇಳಿದ್ದನ್ನು ಜನ ಕೇಳಿಸಿಕೊಂಡ ಮೇಲೆ, ಅದು ಹೇಳಿದ್ದೇನು ಎಂದು ರಾಮಲಿಂಗಯ್ಯನವರೂ ಒಂದು ಸಲ ಹೇಳುವುದು ರೂಢಿಯಾಯಿತು.

ಆ ಬೇಸಗೆಯಲ್ಲಿ ವಾರಕ್ಕೊಮ್ಮೆ ಒಂದು ನಾಟಕ ಬರುತ್ತಿತ್ತು. ನಕ್ಷತ್ರಗಳನ್ನೂ ದಾಟಿದ ಕತ್ತಲಿನಲ್ಲಿ ಒಂದು ಹಡಗು ತೇಲುತ್ತಿದೆ. ಅದರೊಳಗಿನ ಜನರಲ್ಲಿ ಒಬ್ಬನನ್ನು ಆ ಕತ್ತಲಿನದೇ ಯಾವುದೋ ಒಂದು ಜೀವಿ ಮುಗಿಸಿ, ಅವನ ಮೈ, ಮಾತು ಎಲ್ಲವನ್ನೂ ತೊಟ್ಟುಕೊಂಡು ಕೂತಿದೆ. ಅದು ಯಾರು? ಗೊತ್ತಾಗುವುದು ಒಂದರಿಂದಲೇ: ಅದಕ್ಕೆ ನಮ್ಮ ಅನ್ನ ಸೇರುವುದಿಲ್ಲ. ಬಡಿಸಿದರೆ "ಹಸಿವಿಲ್ಲ" ಎಂದು ನಗುತ್ತದೆ. ತಿನ್ನುವವರನ್ನು ಕಣ್ಣು ಮಿಟುಕಿಸದೆ ನೋಡುತ್ತದೆ.

ಪಾರ್ಕಿನಲ್ಲಿ ಕಡಲೇಕಾಯಿ ಸುಲಿಯುತ್ತಿದ್ದ ಕೈಗಳೆಲ್ಲ ನಿಂತುಹೋದವು. "ಕಟ್ಟುಕತೆ ಬಿಡಿ ಯಜಮಾನ್ರೇ," ಎಂದರು ಯಾರೋ.

"ಸರ್ಕಾರದ ಪೆಟ್ಟಿಗೆ ಕಣಯ್ಯ ಇದು," ಎಂದರು ರಾಮಲಿಂಗಯ್ಯ. "ಏನೂ ಇಲ್ದೆ ಹೇಳ್ತದಾ?"

ಆ ವಾರವೇ ಅವರ ಮಗಳು ಭಾಗ್ಯಮ್ಮನನ್ನು ನೋಡಲು ಹತ್ತಿರದ ವಿಜಯಪುರದಿಂದ ಗಂಡಿನ ಕಡೆಯವರು ಬರುವುದಿತ್ತು. ಹಿಂದೆ ಬಂದಿದ್ದ ಎರಡು ಸಂಬಂಧಗಳು ರಾಮಲಿಂಗಯ್ಯನವರ ದೊಡ್ಡಸ್ತಿಕೆಯ ಏಟಿಗೇ ಮುರಿದುಬಿದ್ದಿದ್ದವು. ಒಬ್ಬನಿಗೆ ಪಂಚೆ ಉಡುವುದು ಹೇಗೆಂದು ಕಲಿಸಲು ಹೋಗಿದ್ದರು. ಇನ್ನೊಬ್ಬನಿಗೆ ಅವನ ಗೋತ್ರವನ್ನೇ ತಿದ್ದಿದ್ದರು. "ಈ ಸಲಾನೂ ಕೆಡಿಸಿದ್ರೆ ನಾನು ಮಗ್ಗದ ಗುಂಡಿಯಿಂದ ಮೇಲಕ್ಕೇ ಏಳಲ್ಲ, ಹೇಳಿದೀನಿ," ಎಂದಿದ್ದಳು ಭಾಗ್ಯಮ್ಮ. ಅವಳು ಹೇಳಿದಂತೆ ಮಾಡುವವಳು.

ಗಂಡು ಮುನಿಸ್ವಾಮಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯ ಕೆಲಸಗಾರ. ತಾಯಿ ಕದಿರಮ್ಮನ ಜೊತೆ ಬಂದು ಚಾಪೆಯ ಮೇಲೆ ಕೂತ. ಅಂಥ ದೊಡ್ಡ ಕೆಲಸದವನಿಗೆ ಬರೀ ಬಾಳೆಹಣ್ಣು ಕೊಡುವುದೇ ಎಂದು ರಾಮಲಿಂಗಯ್ಯನವರು ತುಪ್ಪ ಸುರಿದ ಉಪ್ಪಿಟ್ಟು ತರಿಸಿದರು. ಅವರ ಹೆಂಡತಿ ಅಕ್ಕಯ್ಯಮ್ಮ ಬಾಗಿಲ ಮರೆಯಿಂದ, "ಈಗ್ಲೇ ಬೇಡ ಕಣ್ರಿ," ಎಂದದ್ದಕ್ಕೆ, "ನೀನು ಸುಮ್ನಿರು," ಎಂಬ ಎಂದಿನ ಉತ್ತರ ಸಿಕ್ಕಿತು.

ಮುನಿಸ್ವಾಮಿ ತಟ್ಟೆ ಮುಟ್ಟಲಿಲ್ಲ. ಕದಿರಮ್ಮನೂ ಮುಟ್ಟಲಿಲ್ಲ. ತಾವೇ ಮೇಲ್ಪಂಕ್ತಿ ಹಾಕೋಣವೆಂದು ರಾಮಲಿಂಗಯ್ಯನವರು ಒಂದು ತುತ್ತು ಬಾಯಿಗಿಟ್ಟರು. ಮುನಿಸ್ವಾಮಿ ಆ ತುತ್ತನ್ನೇ ನೋಡಿದ. ಕಣ್ಣು ಮಿಟುಕಿಸಲಿಲ್ಲ.

"ತಗೊಳ್ಳಪ್ಪ."

"ಇರ್ಲಿ ಯಜಮಾನ್ರೇ," ಎಂದು ನಕ್ಕ. "ಹಸಿವಿಲ್ಲ."

ರಾಮಲಿಂಗಯ್ಯನವರು ಎರಡನೆಯ ತುತ್ತನ್ನು ತಟ್ಟೆಗೇ ಇಳಿಸಿದರು. ಆಮೇಲೆ ಹುಡುಗ ತೊಟ್ಟಿಯಂಗಳದ ಮೇಲಿನ ಆಕಾಶವನ್ನು ಎರಡು ಸಲ ನೋಡಿದ್ದನ್ನೂ ಅವರು ಗಮನಿಸಿದರು. ಸಂಜೆಯ ಬಸ್ಸಿಗೆ ಹೊತ್ತಾಯಿತೇ ಎಂದು ಅವನು ನೋಡಿರಬಹುದೆಂದು ಅವರಿಗೆ ಹೊಳೆಯಲಿಲ್ಲ. ಹೊಟ್ಟೆಯೇ ಇಲ್ಲದವನಿಗೆ ಮಗಳನ್ನು ಕೊಡುವುದು ಹೇಗೆ? ಹಾಗೆಂದು ಬಾಯಿಬಿಟ್ಟರೆ ಮಗಳು ಗುಂಡಿ ಬಿಟ್ಟು ಏಳುವುದಿಲ್ಲ.

ಭಾನುವಾರ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ, ಯಾರಿಗೂ ಹೇಳದೆ ವಿಜಯಪುರಕ್ಕೆ ಹೋದರು. ಊಟದ ಹೊತ್ತಿಗೆ ಸರಿಯಾಗಿ ಒಳಗೆ ಕಾಲಿಟ್ಟರು. ಮುನಿಸ್ವಾಮಿಯ ಮುಂದೆ ರಾಗಿಮುದ್ದೆ, ಅವರೆಕಾಳು ಸಾರು. ಕದಿರಮ್ಮ ಗಾಬರಿಯಿಂದ ಚಾಪೆ ಹಾಸಿ ಹಾಲು, ಬಾಳೆಹಣ್ಣು ತಂದಿಟ್ಟಳು. ಅದು ಎಲ್ಲಿಯ ಹಾಲೋ ಏನೋ! "ಬೇಡಮ್ಮ, ಹಸಿವಿಲ್ಲ," ಎಂದು ರಾಮಲಿಂಗಯ್ಯನವರು ಮುನಿಸ್ವಾಮಿಯ ಬಾಯಿಯನ್ನೇ ನೋಡುತ್ತ ಕೂತರು.

ಅವನು ಮುದ್ದೆ ಮುರಿದ, ಸಾರಿನಲ್ಲಿ ಹೊರಳಿಸಿದ, ನುಂಗಿದ. ಅಗಿಯಲಿಲ್ಲ. ಆದರೆ ಮುದ್ದೆಯನ್ನು ಯಾರು ತಾನೇ ಅಗಿಯುತ್ತಾರೆ? ಇದರಿಂದ ಏನೂ ಸಾಬೀತಾಗಲಿಲ್ಲ. ಸಾಬೀತಾಗಲಿಲ್ಲವೆಂದು ಯಜಮಾನರು ಇನ್ನೂ ಹತ್ತಿರ ಬಗ್ಗಿದರು. ಮುನಿಸ್ವಾಮಿಯ ಕೈ ತಟ್ಟೆಯಲ್ಲೇ ನಿಂತಿತು.

"ಏನಾಯ್ತು ಯಜಮಾನ್ರೇ?"

"ಇಲ್ಲಿ ಇಷ್ಟು ತಿಂತೀಯಲ್ಲಪ್ಪ, ನಮ್ಮನೇಲಿ ಒಂದು ಕಾಳೂ ಯಾಕೆ ಮುಟ್ಲಿಲ್ಲ?"

ಕದಿರಮ್ಮ ಸೊಂಟಕ್ಕೆ ಕೈಯಿಟ್ಟಳು. "ಚೆನ್ನಾಗಿ ಕೇಳಿದ್ರಿ! ವೀಳ್ಯ ಬದಲಾಯಿಸೋಕೆ ಮುಂಚೆ ಬೀಗರ ಮನೇಲಿ ಉಪ್ಪಿನ ಪದಾರ್ಥ ಮುಟ್ತಾರಾ? ಹೋದ ವರ್ಷ ನನ್ನ ತಮ್ಮನ ಮಗ ನಿಮ್ಮ ಬೀದೀಗೆ ಹೆಣ್ಣು ನೋಡೋಕ್ ಬಂದೋನು ಒಂದು ಬೋಂಡ ತಿಂದ ಅಂತ ಎಲ್ಲರ ಮುಂದೆ ನಿಲ್ಸಿ ತಪ್ಪಿಗೆ ತೆಂಗಿನಕಾಯಿ ಒಡೆಸಿದ್ದು ಯಾರು? ನೀವೇ ತಾನೆ?"

ಅವರೇ. ಬೋಂಡದ ಬಗ್ಗೆ ಅಂದು ಬಲು ಹೊತ್ತು ಮಾತಾಡಿದ್ದರು ಕೂಡ.

"ಉಪ್ಪಿಟ್ಟಿನ ವಾಸನೆಗೆ ಜೀವ ಹೋಗ್ತಿತ್ತು," ಎಂದ ಮುನಿಸ್ವಾಮಿ. "ನೀವು ಪರೀಕ್ಷೆ ಮಾಡ್ತಿದೀರಿ ಅಂದ್ಕೊಂಡ್ವಿ."

"ನಮ್ಮ ನಡತೆ ಮೇಲೆ ಇಷ್ಟು ಅನುಮಾನ ಇರೋರ ಮನೆ ಹೆಣ್ಣು ಬೇಕಾ ಅಂತ ನಾವೂ ಯೋಚ್ನೆ ಮಾಡ್ಬೇಕಾಗ್ತದೆ," ಎಂದು ಕದಿರಮ್ಮ ಹಾಲಿನ ಲೋಟ ಎತ್ತಿಕೊಂಡಳು.

ಇಂಥ ಯೋಚನೆಯ ಉತ್ತರ ಏನೆಂದು ರಾಮಲಿಂಗಯ್ಯನವರಿಗೆ ಎರಡು ಸಲದ ಅನುಭವವಿತ್ತು. ಮಗಳ ಮುಖ ಕಣ್ಣಮುಂದೆ ಬಂತು. ಯಜಮಾನಿಕೆಯನ್ನು ಬದಿಗಿಟ್ಟು, ಹಡಗಿನಿಂದ ಹಿಡಿದು ಉಪ್ಪಿಟ್ಟಿನವರೆಗೆ ಎಲ್ಲವನ್ನೂ ತಲೆ ತಗ್ಗಿಸಿ ಹೇಳಿಬಿಟ್ಟರು.

ಮುನಿಸ್ವಾಮಿ ನಗು ತಡೆಯಲಾರದೆ ಕೆಮ್ಮಿದ. ರೇಡಿಯೋವನ್ನೇ ಕಾಣದ ಕದಿರಮ್ಮ ಮಾತ್ರ ನಗಲಿಲ್ಲ.

"ಮನುಷ್ಯರ ಹಾಗೇ ಇರ್ತದಾ ಅದು?"

"ಹಾಗೇ ಇರ್ತದಮ್ಮ."

"ಏನ್ ಕೊಟ್ರೂ ಹಸಿವಿಲ್ಲ ಅಂತದಾ? ತಿನ್ನೋರ ಬಾಯೇ ನೋಡ್ತದಾ?"

"ಹೂಂ," ಎಂದವರು ತಲೆ ಎತ್ತಿದರೆ, ಕದಿರಮ್ಮ ಎರಡು ಹೆಜ್ಜೆ ಹಿಂದೆ ಸರಿದು ಅವರನ್ನೇ ನೋಡುತ್ತಿದ್ದಳು.

"ಮುನಿಸ್ವಾಮಿ, ಬಾಗ್ಲಲ್ಲಿ ನಿಂತ್ಕೊಳೋ," ಎಂದಳು. ಒಲೆಯ ಮೇಲಿನ ಪಾತ್ರೆಯಿಂದ ದೊಡ್ಡದೊಂದು ಮುದ್ದೆ ತಂದು ಅವರ ಮುಂದಿಟ್ಟಳು. "ತಿನ್ನಿ, ನೋಡೋಣ."

"ವೀಳ್ಯ ಆಗಿಲ್ವಲ್ಲಮ್ಮ..."

"ಅದೂ ಇಂಥ ನೆಪಾನೇ ಕಣ್ರೀ ಹೇಳೋದು! ಸಂಬಂಧ ಬೇಕಾದ್ರೆ ತಿನ್ನಿ."

ಮೂರು ತಲೆಮಾರಿನ ಕಟ್ಟಳೆಯನ್ನು ಸಾರಿನಲ್ಲಿ ಅದ್ದಿ ರಾಮಲಿಂಗಯ್ಯನವರು ನುಂಗಿದರು. ತಾಯಿ ಮಗ ಇಬ್ಬರೂ ಬಗ್ಗಿ ಅವರ ಗಂಟಲನ್ನು ನೋಡಿದರು. ತುತ್ತು ಇಳಿಯಿತು.

"ಇಳೀತು ಕಣಮ್ಮ," ಎಂದ ಮುನಿಸ್ವಾಮಿ.

"ಒಂದೇ ತುತ್ತಿಗೆ ಏನ್ ಗೊತ್ತಾಗ್ತದೆ," ಎಂದು ಕದಿರಮ್ಮ ಸೌಟು ತುಂಬ ಸಾರು ಬಗ್ಗಿಸಿದಳು. "ಪೂರ್ತಿ ಮುಗಿಸ್ಲಿ. ಆಮೇಲೆ ವೀಳ್ಯಕ್ಕೆ ದಿನ ನೋಡೋಣ."