ದಾರಿ ತಿಳಿಯದ ವಿರೂಪಾಕ್ಷನ ನಕ್ಷೆ

ವಿರೂಪಾಕ್ಷನಿಗೆ ದಾರಿ ಗೊತ್ತಾಗುತ್ತಿರಲಿಲ್ಲ. ನಮ್ಮ ಹೋಟೆಲಿನ ಅಡುಗೆಮನೆಯಿಂದ ಹೊರಗೆ ಬಂದರೆ ಕೈ ತೊಳೆಯುವ ಜಾಗ ಬಲಗಡೆ. ಅವನು ಇದ್ದಷ್ಟು ದಿನವೂ ಎಡಕ್ಕೇ ತಿರುಗಿದ. ಎಡಗಡೆ ಇದ್ದದ್ದು ತರಕಾರಿ ಇಡುವ ಕೋಲ್ಡ್ ರೂಮು. ಅದರ ದಪ್ಪ ಬಾಗಿಲು ತೆಗೆದು, ಮುಖಕ್ಕೆ ಚಳಿ ಹೊಡೆದ ಮೇಲೆ, "ಕೊತ್ತಂಬ್ರಿ ಆರಾಮ್ ಅದಾವೇನು ನೋಡಿ ಬಂದ್ನಿರೀ" ಎಂದು ನಗುತ್ತಾ ಹಿಂದಕ್ಕೆ ಬರುತ್ತಿದ್ದ. ನ್ಯೂಯಾರ್ಕಿಗೆ ಇಂಟರ್‌ವ್ಯೂಗೆಂದು ಹೋದವನು ವಾಪಸು ಬರುವಾಗ ರೈಲಿನಲ್ಲಿ ನಮ್ಮ ಸ್ಟೇಷನ್ ದಾಟಿ ಪ್ರಿನ್ಸ್‌ಟನ್ ಜಂಕ್ಷನ್ ತನಕ ಹೋಗಿ ಅಲ್ಲಿಂದ ಫೋನ್ ಮಾಡುತ್ತಿದ್ದ. ಇಂಥ ಮನುಷ್ಯ ಒಂದು ನಕ್ಷೆ ಮಾಡಿದ. ಆ ನಕ್ಷೆಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಇದಕ್ಕೆ ಬೇರೆ ಒಳ್ಳೆಯ ಮಾತು ಸಿಗುತ್ತದೆಯೇ ಎಂದು ಹುಡುಕಿದ್ದೇನೆ, ಸಿಕ್ಕಿಲ್ಲ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಕುಂದಾಪುರದಲ್ಲಿ ಲೋಟ ತೊಳೆದು, ಮುಂಬೈಯಲ್ಲಿ ದೋಸೆ ಹೊಯ್ದು, ಕೊನೆಗೆ ಅಮೆರಿಕದಲ್ಲಿ ನ್ಯೂಜೆರ್ಸಿಯ ಎಡಿಸನ್ನಿನ ಭುಜಂಗ ಶೆಟ್ರ ಹೋಟೆಲಿಗೆ ಬಂದೆ. ಅಲ್ಲಿ ಹದಿನಾರು ವರ್ಷ ಕೇಟರಿಂಗ್ ವ್ಯಾನು ನನ್ನ ಕೈಯಲ್ಲೇ ಇತ್ತು. ಮದುವೆ, ನಾಮಕರಣ, ಆಫೀಸ್ ಊಟ, ಯಾವುದಕ್ಕೇ ಆಗಲಿ ಬಿಸಿ ತಟ್ಟೆ ಹೊತ್ತು ಹೋಗುವವನು ನಾನು. ಈ ಕೆಲಸದಲ್ಲಿ ಅಡ್ರೆಸ್ ಗೊತ್ತಿದ್ದರೆ ಸಾಲದು, ಬಾಗಿಲು ಗೊತ್ತಿರಬೇಕು. ಹ್ಯಾರಿಸನ್ನಿನ ಹೊಸ ಅಪಾರ್ಟ್‌ಮೆಂಟುಗಳಿಗೆ ಮುಂದಿನಿಂದ ಹೋದರೆ ಸಾಂಬಾರಿನ ಪಾತ್ರೆ ಕಂಡ ಕೂಡಲೇ ಕಾವಲಿನವ ಕೈ ಅಡ್ಡ ಹಿಡಿಯುತ್ತಾನೆ. ರೈಲು ಹಳಿಯ ಬದಿಗೆ ಹೋದರೆ ಸಾಮಾನಿನ ಲಿಫ್ಟ್ ಇದೆ. ಎಲ್ಲಿ ಮೆಟ್ಟಿಲಿಲ್ಲ, ಎಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಪೊಲೀಸರು ಚೀಟಿ ಅಂಟಿಸುವುದಿಲ್ಲ, ಇದನ್ನೆಲ್ಲ ಯಾರೂ ಬರೆದಿಟ್ಟಿರಲಿಲ್ಲ. ನನ್ನ ತಲೆಯಲ್ಲಿ ಇತ್ತು. "ಶೇಖರಣ್ಣ, ಟರ್ನ್‌ಪೈಕ್ ಹೈವೇ ಜಾಮ್ ಅಂತೆ, ಹೇಗೆ ಬರ್ಲಿ?" ಎಂದು ಡಾಕ್ಟರುಗಳು, ಇಂಜಿನಿಯರುಗಳು ನನಗೆ ಫೋನ್ ಮಾಡುತ್ತಿದ್ದರು. ಅಷ್ಟು ಓದಿದವರು ನನ್ನನ್ನು ಕೇಳುತ್ತಾರಲ್ಲ ಎಂಬುದೇ ನನ್ನ ಡಿಗ್ರಿಯಾಗಿತ್ತು.

ವಾಲ್‌ಸ್ಟ್ರೀಟಿನಲ್ಲಿ ಬ್ಯಾಂಕುಗಳು ಒಂದರ ಹಿಂದೆ ಒಂದು ಮುಗ್ಗರಿಸಿದ ಆ ಚಳಿಗಾಲ ಕಳೆದ ಮೇಲೆ ವಿರೂಪಾಕ್ಷ ಬಂದ. ಹುಬ್ಬಳ್ಳಿಯ ಕಡೆಯವನು. ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದ. ಒಂದು ಬೆಳಿಗ್ಗೆ ಇಡೀ ಸಾಲಿಗೇ ಕೆಲಸ ಹೋಯಿತು. ಕೆಲಸದ ವೀಸಾ ಹೋಯಿತು, ವಿಸಿಟರ್ ಎಂದು ಬದಲಾಯಿಸಿಕೊಂಡದ್ದರಿಂದ ಆರು ತಿಂಗಳು ಸಿಕ್ಕಿತ್ತು. ಅಷ್ಟರೊಳಗೆ ಯಾವುದಾದರೂ ಕಂಪನಿ ಅವನಿಗಾಗಿ ವೀಸಾ ಹಾಕಬೇಕು, ಇಲ್ಲವೇ ಊರಿಗೆ ಹೋಗಬೇಕು. ಶೆಟ್ರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ. ಎಲ್ಲಿಗೂ ಹೋಗಲಿಕ್ಕಿಲ್ಲದಿದ್ದರೂ ಬೆಳಿಗ್ಗೆ ಇಸ್ತ್ರಿ ಶರ್ಟ್ ತೊಟ್ಟು ನಮ್ಮ ಹೋಟೆಲಿನ ಮೂಲೆಯ ಟೇಬಲಿಗೆ ಬಂದು ಲ್ಯಾಪ್‌ಟಾಪ್ ತೆರೆಯುತ್ತಿದ್ದ. ಜಾಕೆಟ್ಟಿನ ಜೇಬಿನಲ್ಲಿ ಒಂದು ಪುಟ್ಟ ಬಾಟಲಿ, ಅದರೊಳಗೆ ಶೇಂಗಾ ಚಟ್ನಿಪುಡಿ. ಇಡ್ಲಿಗೆ, ಉಪ್ಪಿಟ್ಟಿಗೆ, ನಮ್ಮ ಹೆಸರಾಂತ ಸಾಂಬಾರಿಗೂ ಅದನ್ನು ಉದುರಿಸಿಕೊಳ್ಳುತ್ತಿದ್ದ. ಯಾರು ಏನು ಹೇಳಿದರೂ ಕಣ್ಣರಳಿಸಿ "ಖರೇನ?" ಎನ್ನುವುದು ಅವನ ಚಾಳಿ. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಸುಮತಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಮನೆಯಲ್ಲಿ ನಾನು ಏನಾದರೂ ಹೇಳಿದರೆ ಅವಳೂ ಅವನ ಹಾಗೆಯೇ "ಖರೇನ?" ಎನ್ನತೊಡಗಿದಳು.

ಇಂಟರ್‌ವ್ಯೂಗಳಲ್ಲಿ ತೋರಿಸಲು ಅವನಿಗೆ ಒಂದು ಕೆಲಸ ಮಾಡಿಟ್ಟಿರಬೇಕಿತ್ತು. ಆಗ ಹೊಸದಾಗಿ ಬಂದಿದ್ದ ಬೆರಳಿನಿಂದ ಒತ್ತುವ ಫೋನಿನಲ್ಲಿ ನಮ್ಮ ಹೋಟೆಲಿಗೊಂದು ನಕ್ಷೆ ಮಾಡುತ್ತೇನೆ ಎಂದ. ಶೆಟ್ರು ಅಂಥದೊಂದು ಫೋನನ್ನು ವ್ಯಾನಿನ ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದರು. ವಿರೂಪಾಕ್ಷ ಕಾಗದ ಹಿಡಿದು ನನ್ನ ಪಕ್ಕದ ಸೀಟಿಗೆ ಬಂದ.

"ಇಷ್ಟು ಸಣ್ಣ ಫೋನಿನೊಳಗೆ ಇಡೀ ನ್ಯೂಜೆರ್ಸಿ ಹಿಡೀತದಾ ಮಾರಾಯ?" ಎಂದು ಕೇಳಿದೆ.

"ನಕ್ಷೆ ಫೋನ್‌ನ್ಯಾಗ ಇಲ್ರೀ ಅಣ್ಣಾರ. ಎಲ್ಲೋ ದೂರ ಒಂದು ಕಂಪ್ಯೂಟರ್‌ನ್ಯಾಗ ಐತಿ. ಫೋನು ಬರೇ ಕಿಡಕಿ ಇದ್ದಂಗ, ಬೇಕಾದಷ್ಟು ತುಣುಕು ತಂದು ತೋರಸ್ತೈತಿ. ನಾ ಅಲ್ಲಿ ಒಂದು ಗುರ್ತು ಸರಿಸಿದ್ನಿ ಅಂದ್ರ, ಎಲ್ಲಾರ ಫೋನ್‌ನ್ಯಾಗೂ ತಾನ ಸರೀತೈತಿ."

"ನಂದು ತಲೆಯೊಳಗೇ ಉಂಟು. ಸಿಗ್ನಲ್ ಬೇಡ."

"ಅದ ತೊಂದ್ರಿ ನೋಡ್ರಿ. ನಿಮ್ಮ ತಲಿ ಸಂಜೀಕ ನಿಮ್ಮ ಕೂಡ ಮನಿಗೆ ಹೋಗಿಬಿಡ್ತೈತಿ."

ನಗು ಬಂತು, ತಡೆದುಕೊಂಡೆ. ಕುಂಬಳಕಾಯಿಗೂ ಸೋರೆಕಾಯಿಗೂ ವ್ಯತ್ಯಾಸ ತಿಳಿಯದವನ ಹಾಗೆ ಪೂರ್ವಕ್ಕೂ ಪಶ್ಚಿಮಕ್ಕೂ ವ್ಯತ್ಯಾಸ ತಿಳಿಯದ ನೀನು ನಕ್ಷೆ ಮಾಡುವುದು ಹೇಗೆ ಎಂದು ಚುಚ್ಚಿದೆ. ಅವನಿಗೆ ಬೇಸರವೇ ಆಗಲಿಲ್ಲ. "ದಾರಿ ತಿಳಿದಾವ್ರು ನಕ್ಷೆ ಯಾಕ ಮಾಡ್ತಾರ್ರೀ? ನನ್ನಂಥಾವ್ರ ಮಾಡ್ಬೇಕು" ಎಂದ.

ಹೀಗೆ ಎರಡು ತಿಂಗಳು ಅವನು ನನ್ನ ಜೊತೆ ಸುತ್ತಿದ. ಪ್ರತಿಯೊಂದು ಜಾಗದಲ್ಲೂ ಒಂದೇ ಪ್ರಶ್ನೆ: "ಇಳಿಸೂ ಬಾಗ್ಲ ಯಾ ಕಡೆ ಅಣ್ಣಾರ?" ನಾನು ತೋರಿಸಿದಲ್ಲಿ ಒಂದು ಕೆಂಪು ಗುರುತು ಹಾಕುತ್ತಿದ್ದ. ವ್ಯಾನು ಒಂದು ನೀಲಿ ಚುಕ್ಕೆಯಾಗಿ ಕಾಣಿಸುತ್ತಿತ್ತು. ಆ ಚುಕ್ಕೆ ಯಾವ ದಿನ ಎಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂಬುದೂ ಅಲ್ಲಿ ಉಳಿಯುತ್ತದೆ ಎಂದು ಅವನು ಹೇಳಿದ್ದ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ನಕ್ಷೆ ಎಲ್ಲರ ಫೋನಿನಲ್ಲಿ ಕಾಣತೊಡಗಿದ ಮೇಲೆ ನನ್ನ ಫೋನು ಸುಮ್ಮನಾಯಿತು. ದಾರಿ ಕೇಳುವವರು ಕಡಿಮೆಯಾದರು. ಶೆಟ್ರು ಕೌಂಟರಿನಲ್ಲಿ ನಿಂತು, ಬಂದವರಿಗೆಲ್ಲ "ನಮ್ಮ ವ್ಯಾನು ನೋಡಿ, ಈಗ ಬ್ರಿಡ್ಜ್ ದಾಟ್ತಾ ಉಂಟು" ಎಂದು ತೋರಿಸುತ್ತಿದ್ದರು. ವ್ಯಾನು ಅವರದು, ಚುಕ್ಕೆ ವಿರೂಪಾಕ್ಷನದು, ಒಳಗೆ ಸ್ಟೇರಿಂಗ್ ಹಿಡಿದವನ ಹೆಸರು ಯಾರ ಬಾಯಲ್ಲೂ ಇಲ್ಲ. ಸುಮತಿಯೂ ಶುರುಮಾಡಿದಳು. "ರೂಟ್ ಒನ್ನಲ್ಲಿ ಇಪ್ಪತ್ತು ನಿಮಿಷ ನಿಂತಿದ್ರಲ್ಲ, ಚಾ ಕುಡಿದ್ರಾ?" ಅಷ್ಟು ವರ್ಷದ ಸಂಸಾರದಲ್ಲಿ ನಾನು ಎಲ್ಲಿದ್ದೇನೆ ಎಂದು ಒಮ್ಮೆಯೂ ವಿಚಾರಿಸದವಳು! ಒಂದು ದಿನ ಅವನಿಗೆಂದೇ ಪತ್ರೊಡೆ ಮಾಡಿದಳು. ಕೆಸುವಿನೆಲೆ ಸಿಗುವುದಿಲ್ಲ ಎಂದು ನನಗೆ ವರ್ಷಕ್ಕೊಮ್ಮೆ ಮಾತ್ರ ಮಾಡುವ ಪತ್ರೊಡೆ. ಅವನು ಅದರ ಮೇಲೂ ಶೇಂಗಾ ಪುಡಿ ಉದುರಿಸಿದ. ಸುಮತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಹಾಗೆ ಮಾಡಿದ್ದರೆ ತಟ್ಟೆ ಎತ್ತಿಕೊಂಡು ಹೋಗಿರುತ್ತಿದ್ದಳು.

ಇಷ್ಟನ್ನು ನುಂಗಿಕೊಳ್ಳಬಹುದಿತ್ತೋ ಏನೋ. ಒಂದು ಮಧ್ಯಾಹ್ನ ಶೆಟ್ರು ಎಲ್ಲರೆದುರು ವಿರೂಪಾಕ್ಷನ ಬೆನ್ನು ತಟ್ಟಿ, "ಇನ್ನು ಶೇಖರ ರಜೆ ಹಾಕಿದ್ರೂ ತಲೆಬಿಸಿ ಇಲ್ಲ. ಯಾರನ್ನು ಬೇಕಾದ್ರೂ ವ್ಯಾನಿನಲ್ಲಿ ಕೂರಿಸಬಹುದು" ಎಂದರು. ನಾನು ಹದಿನಾರು ವರ್ಷ ಹಿಮದಲ್ಲಿ, ಬಿಸಿಲಿನಲ್ಲಿ ಒಂದೊಂದೇ ಬಾಗಿಲು ತಟ್ಟಿ ಕಲಿತದ್ದು ಆ ಒಂದು ಮಾತಿಗೆ ಖಾಲಿಯಾಯಿತು. ಅದೇ ಹೊತ್ತಿಗೆ ವಿರೂಪಾಕ್ಷ ಕಾಗದ ಹಿಡಿದು ಬಂದ.

"ವೆಸ್ಟ್ ವಿಂಡ್ಸರ್‌ನ ಕ್ಲಬ್‌ಹೌಸು ಒಂದ ಉಳಿದೈತ್ರಿ. ಇಳಿಸೂ ಬಾಗ್ಲ?"

ಆ ಕ್ಲಬ್‌ಹೌಸಿನ ಬಾಗಿಲು ಟೆನಿಸ್ ಕೋರ್ಟಿನ ಪಕ್ಕ ಇದೆ. ಹಿಂದಿನ ತಿಂಗಳಷ್ಟೇ, ಅವನು ಇಂಟರ್‌ವ್ಯೂಗೆ ಹೋಗಿದ್ದ ದಿನ, ಒಂದು ನಿಶ್ಚಿತಾರ್ಥದ ಊಟ ಅಲ್ಲಿ ಇಳಿಸಿದ್ದೆ. "ಹಿಂದೆ. ಕೊಳದ ಬದಿ" ಎಂದೆ.

"ಖರೇನ?"

"ಬೇಕಾದ್ರೆ ನಂಬು."

ಅವನು ಗುರುತು ಹಾಕಿಕೊಂಡ.

ಎರಡು ದಿನ ಕಳೆದು ಮೂರ್ತಿ ಎಂಬವರು ಆ ಕ್ಲಬ್‌ಹೌಸಿಗೇ ಊಟ ಹೇಳಲು ಬಂದರು. ಪ್ರಿನ್ಸ್‌ಟನ್ನಿನ ಒಂದು ಔಷಧಿ ಕಂಪನಿಯ ಮ್ಯಾನೇಜರು, ಮೈಸೂರಿನವರು. ಶನಿವಾರ ಅವರ ತಾಯಿಯ ಎಂಬತ್ತನೆಯ ಹುಟ್ಟುಹಬ್ಬ. ಶೆಟ್ರು ಅವರಿಗೂ ನಕ್ಷೆ ತೋರಿಸಿದರು. ಮೂರ್ತಿಯವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ನಮ್ಮ ಡೆಲಿವರಿ ಟ್ರಕ್‌ಗಳಿಗೆ ಎಗ್ಸ್ಯಾಕ್ಟ್ಲೀ ಇದೇ ಬೇಕಾಗಿರೋದು ಕಣ್ರೀ. ಶನಿವಾರ ಲೈವ್ ಆಗಿ ನೋಡ್ತೀನಿ. ಸರಿಯಾಗಿ ವರ್ಕ್ ಆದ್ರೆ ಸೋಮವಾರ ನಮ್ಮ ಡೈರೆಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ" ಎಂದರು. ವಿರೂಪಾಕ್ಷನ ಆರು ತಿಂಗಳಲ್ಲಿ ಉಳಿದಿದ್ದದ್ದು ಮೂರು ವಾರ. ಅಂದು ವ್ಯಾನಿನಲ್ಲಿ ಅವನು ಸೀಟಿನಲ್ಲಿ ಕೂರಲೇ ಇಲ್ಲ, ಕುಣಿಯುತ್ತಿದ್ದ. "ಅಣ್ಣಾರ, ಇದೊಂದು ಆತಂದ್ರ ನಾ ಉಳೀತೀನ್ರಿ. ನೀವು ಕೊಟ್ಟ ಗುರ್ತಿನಿಂದನ."

ಆಗ ಹೇಳಬೇಕಿತ್ತು. ಐದು ದಿನ ಇತ್ತು. ಹೇಳಿದರೆ, ಸುಳ್ಳು ಯಾಕೆ ಹೇಳಿದೆ ಎಂಬುದನ್ನೂ ಹೇಳಬೇಕಲ್ಲ. ಪ್ರತಿ ಬೆಳಿಗ್ಗೆ ನಾಳೆ ಹೇಳುತ್ತೇನೆ ಎಂದುಕೊಂಡೆ. ಶನಿವಾರ ಬಂತು.

ನಕ್ಷೆ ತೋರಿಸಲು ವಿರೂಪಾಕ್ಷ ಮೂರ್ತಿಯವರ ಜೊತೆ ಮೊದಲೇ ಹೋಗಿದ್ದ. ಆ ದಿನ ನಾನು ನಕ್ಷೆ ಹೇಳಿದಂತೆಯೇ ನಡೆದುಕೊಂಡೆ. ಎಲ್ಲಿ ತಿರುಗು ಎಂದಿತೋ ಅಲ್ಲಿ ತಿರುಗಿದೆ, ಕೊಳದ ಬದಿಯಲ್ಲಿ ಸರಪಳಿ ಹಾಕಿದ್ದ ಗೇಟಿನೆದುರು ನಿಲ್ಲಿಸಿ ಇಂಜಿನ್ ಆರಿಸಿದೆ. ನಾಲ್ಕೈದು ಬಾತುಗಳು ಹುಲ್ಲಿನ ಮೇಲಿಂದ ನನ್ನನ್ನು ನೋಡುತ್ತಿದ್ದವು. ಒಳಗೆ ಮೂರ್ತಿಯವರ ಕೈಯಲ್ಲಿ ಫೋನು, ಸುತ್ತ ನೆಂಟರು, ಚುಕ್ಕೆ ನೀರಿನ ಅಂಚಿನಲ್ಲಿ ಅಲ್ಲಾಡದೆ ನಿಂತಿದೆ. ವಿರೂಪಾಕ್ಷ ನನ್ನನ್ನು ಹುಡುಕಿಕೊಂಡು ಓಡಿ ಹೊರಬಂದದ್ದು ಬೇಲಿಯ ಆಚೆಯಿಂದ ಕಂಡಿತು. ಎಂದಿನಂತೆ ಎಡಕ್ಕೆ ತಿರುಗಿ ಓಡಿದ. ನಾನು ಹಾರ್ನ್ ಹಾಕಲಿಲ್ಲ. ಇಡೀ ಕಟ್ಟಡ ಸುತ್ತಿಕೊಂಡು, ಏದುಸಿರು ಬಿಡುತ್ತಾ ಬೇಲಿಗೆ ಬಂದು ನಿಂತ.

"ಅಣ್ಣಾರ?"

"ನಿನ್ನ ಮ್ಯಾಪ್ ತೋರಿಸಿದ್ದು ಇಲ್ಲೇ ಮಾರಾಯ."

ಅವನು ಫೋನು ನೋಡಿದ, ಸರಪಳಿ ನೋಡಿದ, ನನ್ನನ್ನು ನೋಡಿದ. "ಹೌದ್ರಿ. ಇಲ್ಲೇ ತೋರಸ್ತೈತಿ" ಎಂದ.

ಆ ಮೇಲೆ ನಾನು ವ್ಯಾನು ತಿರುಗಿಸಿ ಎರಡೇ ನಿಮಿಷದಲ್ಲಿ ಟೆನಿಸ್ ಕೋರ್ಟಿನ ಬದಿಗೆ ತಂದು, ನೆಂಟರ ಕಾರುಗಳು ತುಂಬಿದ್ದರಿಂದ ಬಾಗಿಲಿಗಿಂತ ಸ್ವಲ್ಪ ಆಚೆ ನಿಲ್ಲಿಸಿದೆ. ಮೂರ್ತಿಯವರು ಬಾಗಿಲಿಗೇ ಬಂದು ನನ್ನ ಕೈ ಕುಲುಕಿದರು. "ಎಕ್ಸ್‌ಪೀರಿಯೆನ್ಸ್ ಅಂದ್ರೆ ಇದಪ್ಪಾ! ಮ್ಯಾಪು ಗೀಪು ಎಲ್ಲಾ ಆಮೇಲೆ." ತಿಂಗಳುಗಟ್ಟಲೆ ನಾನು ಕಾದಿದ್ದ ಮಾತು ಅದು. ಅದು ನನ್ನ ಕಿವಿಗೆ ಬೀಳುತ್ತಿದ್ದಾಗಲೇ ಪಕ್ಕದಿಂದ ವಿರೂಪಾಕ್ಷ, "ತಪ್ಪು ನಂದ್ರಿ ಸರ್. ಗುರ್ತು ನಾನ ತಪ್ಪು ಇಟ್ಟಿದ್ನಿ" ಎಂದ. ನಾನು ಬಿಸಿಬೇಳೆಬಾತಿನ ಮುಚ್ಚಳ ತೆಗೆದು ಸೌಟು ಹುಡುಕತೊಡಗಿದೆ. ಸೌಟು ನನ್ನ ಕೈಯಲ್ಲೇ ಇತ್ತು.

ಊಟಕ್ಕೆ ಕೂತಾಗ ಅವನು ಜೇಬಿನಿಂದ ಬಾಟಲಿ ತೆಗೆಯಲಿಲ್ಲ. ಬಡಿಸಿದ್ದನ್ನು ಬಡಿಸಿದ ಹಾಗೆಯೇ ತಿಂದ.

ಸೋಮವಾರ ಯಾರೂ ಕರೆಯಲಿಲ್ಲ. ಕಂಪನಿಯಲ್ಲಿ ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದಾರೆ ಎಂದು ಮೂರ್ತಿಯವರು ಆಮೇಲೆ ಶೆಟ್ರಿಗೆ ಹೇಳಿದರಂತೆ. ನಿಜವೇ ಇರಬಹುದು, ಎಲ್ಲ ಕಡೆಯೂ ಹಾಗೆಯೇ ಇತ್ತು. ಆ ಮಾತನ್ನು ನಾನು ಬಹಳ ದಿನ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನ್ಯೂವಾರ್ಕ್ ಏರ್‌ಪೋರ್ಟಿಗೆ ಅವನನ್ನು ಬಿಟ್ಟದ್ದು ಅದೇ ವ್ಯಾನಿನಲ್ಲಿ. ಎರಡು ಸೂಟ್‌ಕೇಸು. ಸುಮತಿ ಕಟ್ಟಿಕೊಟ್ಟ ಪತ್ರೊಡೆಯ ಡಬ್ಬಿ. ದಾರಿಯುದ್ದಕ್ಕೂ ಹುಬ್ಬಳ್ಳಿಯ ಬಿಸಿಲಿನ ಬಗ್ಗೆ ಮಾತಾಡಿದ, ಒಂದು ಸಲವೂ ಆ ಶನಿವಾರದ ಸುದ್ದಿ ಎತ್ತಲಿಲ್ಲ. ಒಳಗೆ ಹೋದ ಮೇಲೆ ಗಾಡಿ ತಳ್ಳುವುದನ್ನು ನಿಲ್ಲಿಸಿ, ಎರಡೂ ಕಡೆ ನೋಡಿದ.

"ಅಣ್ಣಾರ, ಎಡಕ್ಕೋ ಬಲಕ್ಕೋ?"

"ಬಲಕ್ಕೆ."

"ಖರೇನ?" ಎಂದ. ಕಣ್ಣರಳಿಸಲಿಲ್ಲ, ನಗಲೂ ಇಲ್ಲ. ನನ್ನ ಉತ್ತರಕ್ಕೆ ಕಾಯದೆ ಬಲಕ್ಕೆ ಹೋದ. ಅವನು ಹೋದದ್ದು ಸರಿಯಾದ ಕಡೆಗೇ ಎಂದು ಬೋರ್ಡಿನಲ್ಲಿ ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡೇ ನಾನು ಹೊರಬಂದೆ.

ಮತ್ತೆ ದಾರಿ ಕೇಳುವ ಫೋನುಗಳು ಬರತೊಡಗಿದವು. ಶನಿವಾರದ ಕಥೆಯನ್ನು ಶೆಟ್ರೇ ಎಲ್ಲರಿಗೂ ಹೇಳುತ್ತಿದ್ದರು, ಪ್ರತಿ ಸಲವೂ ನಾನು ಇನ್ನಷ್ಟು ದೊಡ್ಡವನಾಗುತ್ತಿದ್ದೆ. ಎರಡು ತಿಂಗಳ ಮೇಲೆ ಅದೇ ಕ್ಲಬ್‌ಹೌಸಿಗೆ ಊಟ ಒಯ್ಯುವುದಿತ್ತು. ಬಡಿಸಲು ಜನ ಕಡಿಮೆಯೆಂದು ಸುಮತಿ ಜೊತೆಗೆ ಬಂದಳು. ಡ್ಯಾಶ್‌ಬೋರ್ಡಿನಲ್ಲಿ ಫೋನು ಇನ್ನೂ ಇತ್ತು. ಚೌಕ ಚೌಕವಾಗಿ ರಸ್ತೆಗಳು ಬಂದವು, ಕೊಳ ಬಂತು, ಕಟ್ಟಡ ಬಂತು. ಕೊಳದ ಬದಿಯಲ್ಲಿ ಗುರುತು ಇರಲಿಲ್ಲ. ಕೆಂಪು ಗುರುತು ಟೆನಿಸ್ ಕೋರ್ಟಿನ ಪಕ್ಕದಲ್ಲಿತ್ತು, ಶನಿವಾರ ನಿಲ್ಲಿಸಿದ್ದಲ್ಲಿ ಅಲ್ಲ, ನಿಶ್ಚಿತಾರ್ಥದ ದಿನ ನಾನು ವ್ಯಾನು ನಿಲ್ಲಿಸಿದ್ದ ಜಾಗದಲ್ಲಿ, ಒಂದಡಿಯೂ ಆಚೀಚೆ ಇಲ್ಲದೆ. ಆ ದಿನದ ಚುಕ್ಕೆ ಅವನ ಕಂಪ್ಯೂಟರಿನಲ್ಲಿ ಉಳಿದಿತ್ತು. ಇಲ್ಲಿದ್ದಾಗಲೇ ಸರಿಸಿದ್ದರೆ, ಶನಿವಾರದ ಜಾಗ ಬಿಟ್ಟು ಇದು ಹೇಗೆ ಗೊತ್ತಾಯಿತು ಎಂದು ಶೆಟ್ರು ಕೇಳುತ್ತಿದ್ದರು. ಅವನು ಊರಿಗೆ ಹೋಗುವ ತನಕ ಕಾದಿದ್ದ.

"ಇದು ಮೊದಲು ಕೊಳದ ಹತ್ರ ಇತ್ತಲ್ಲ?" ಸುಮತಿ ಫೋನಿಗೆ ಬಗ್ಗಿ ಕೇಳಿದಳು. "ಅಷ್ಟು ದೂರ ಕೂತು ಅವನಿಗೆ ಹೇಗೆ ಗೊತ್ತಾಯ್ತು? ನೀವು ಹೇಳಿದ್ರಾ?"

"ಹ್ಞೂಂ, ನಾನೇ ಹೇಳಿದ್ದು" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಎಂದಿನ ತಮಾಷೆಗೆ ಕಣ್ಣರಳಿಸಿ, ಅವನದೇ ದನಿಯಲ್ಲಿ ಕೇಳಿದಳು:

"ಖರೇನ?"